ಬಾಟಲ್ ಬಾಯಿಂದ ಅರ್ಧ ಇಂಚಿನ ವಾಲ್ವ್‌ಗೆ: ಫ್ರೀಕ್ಯಾಡ್‌ನಲ್ಲಿ ನಿಜವಾದ ಥ್ರೆಡ್ ಬರೆಯೋದು

ಬೇಕಾಗಿದ್ದು ಒಂದು ಸಣ್ಣ ಅಡಾಪ್ಟರ್. ಒಂದು ಕಡೆ ಎರಡು ಲೀಟರ್ ಕೂಲ್‌ಡ್ರಿಂಕ್ ಬಾಟಲ್ ತಿರುಗಿಸಿ ಹಾಕೋ ಹಾಗಿರ್ಬೇಕು, ಇನ್ನೊಂದು ಕಡೆ ಡ್ರಿಪ್ ಅಂಗಡೀಲಿ ಸಿಗೋ ಅರ್ಧ ಇಂಚಿನ ಮಿನಿ ವಾಲ್ವ್ ಕೂರ್ಬೇಕು. ಬೇಸಿಗೇಲಿ ನಾಲ್ಕು ದಿನ ಊರಿಗೆ ಹೋದ್ರೆ ಮೈಸೂರಲ್ಲಿ ತಾರಸಿ ಮೇಲಿರೋ ಮಲ್ಲಿಗೆ ಕುಂಡಗಳು ಒಣಗಿ ಹೋಗತ್ವೆ, ಬಾಟಲ್ ತಲೆಕೆಳಗೆ ಕಟ್ಟಿ ವಾಲ್ವ್ ಸ್ವಲ್ಪ ಮಾತ್ರ ತೆಗೆದಿಟ್ರೆ ತೊಟ್ಟು ತೊಟ್ಟಾಗಿ ನೀರು ಬೀಳ್ತಿರತ್ತೆ ಅನ್ನೋದು ಲೆಕ್ಕ. ಹಾರ್ಡ್‌ವೇರ್ ಅಂಗಡೀಲಿ ಕೇಳಿದ್ರೆ "ಸಾರ್, ಪೈಪಿಗೆ ಪೈಪ್ ಹಾಕೋದು ಏನ್ ಬೇಕಾದ್ರೂ ಕೊಡ್ತೀನಿ, ಬಾಟ್ಲಿಗೆ ಹಾಕೋದು ಯಾರೂ ಮಾಡಲ್ಲ" ಅಂದ್ರು. ಸರಿ, ನಾವೇ ಡಿಸೈನ್ ಮಾಡಿ 3ಡಿ ಪ್ರಿಂಟ್ ಹಾಕೋಣ ಅಂತ ಫ್ರೀಕ್ಯಾಡ್ ಅನ್ನೋ ಉಚಿತ ಕ್ಯಾಡ್ (ಕಂಪ್ಯೂಟರ್ ಡಿಸೈನ್) ಸಾಫ್ಟ್‌ವೇರ್ ತೆಗೆದು ಕೂತೆ. ಈ ಅಡಾಪ್ಟರಲ್ಲಿ ಎರಡು ಥ್ರೆಡ್ (ಸ್ಕ್ರೂ ಮೇಲಿರೋ ಥರ ಸುರುಳಿ ಹಲ್ಲು) ಇದೆ, ಒಂದು ಹೊರಗಿನದು ಒಂದು ಒಳಗಿನದು, ಎರಡೂ ನಿಜವಾಗ್ಲೂ ತಿರುಗ್ಬೇಕು, ನೀರು ಸೋರ್ಬಾರ್ದು. ಥ್ರೆಡ್ ಮಾಡೆಲ್ ಮಾಡೋದು ಕಷ್ಟ, ಸಾಫ್ಟ್‌ವೇರ್ ಹ್ಯಾಂಗ್ ಆಗತ್ತೆ ಅಂತ ಬಿಟ್ಟಿರೋರಿಗೆ ಉಪಯೋಗ ಆಗ್ಲಿ ಅಂತ ಇಡೀ ಕೆಲಸ ಬರೀತಿದೀನಿ.

ಮೊದಲನೇ ಮಾತು, ಎಲ್ಲಾ ಕಡೆ ನಿಜವಾದ ಥ್ರೆಡ್ ಬರೀಬೇಡಿ. ಅಂಗಡಿಯಿಂದ ತಂದ ಎಂ4 ಸ್ಕ್ರೂ ಹಾಕೋ ಜಾಗಕ್ಕೆ ಬರೀ ತೂತು ಸಾಕು, ಅಸೆಂಬ್ಲೀಲಿ ನಟ್ಟು ಬೋಲ್ಟು ತೋರ್ಸೋಕೆ ಫಾಸ್ಟನರ್ಸ್ ಆಡ್‌ಆನ್ ಇದೆ, ಅದು ಹಲ್ಲಿಲ್ಲದ ನುಣುಪು ಸ್ಕ್ರೂನೇ ಕೊಡತ್ತೆ, ಬೇಕಂದ್ರೆ ಮಾತ್ರ ಥ್ರೆಡ್ ಅನ್ನೋ ಪ್ರಾಪರ್ಟಿ ಆನ್ ಮಾಡ್ಕೋಬೋದು. ಮೆಟ್ರಿಕ್ ತೂತಿನೊಳಗೆ ಹಲ್ಲು ಬೇಕಾದ್ರೆ ಪಾರ್ಟ್ ಡಿಸೈನ್ ಅನ್ನೋ ವರ್ಕ್‌ಬೆಂಚಿನ (ಫ್ರೀಕ್ಯಾಡ್‌ನ ಟೂಲ್ ಗುಂಪಿನ) ಹೋಲ್ ಟೂಲಲ್ಲೇ ಮಾಡೆಲ್ ಥ್ರೆಡ್ ಅಂತ ಟಿಕ್ ಇದೆ, ಕ್ಲಿಯರೆನ್ಸ್ (ಹಲ್ಲುಗಳ ಮಧ್ಯೆ ಬಿಡೋ ಸಡಿಲ) ಕೂಡ ನಾವೇ ಕೊಡ್ಬೋದು. ಕೈಯಲ್ಲಿ ಬರೀಬೇಕಾಗೋದು ಯಾವಾಗ ಅಂದ್ರೆ ಹೊರಗಿನ ಥ್ರೆಡ್ ಪ್ರಿಂಟ್ ಆಗಿ ನಿಜವಾಗ್ಲೂ ತಿರುಗ್ಬೇಕಾದಾಗ, ಅಥವಾ ಬಾಟಲ್ ಥರ ರೆಡಿ ಪಟ್ಟೀಲಿ ಇಲ್ಲದ ಥ್ರೆಡ್ ಆದಾಗ. ನನಗೆ ಎರಡೂ ಬೇಕಿತ್ತು.

ಅಳತೆಯಿಂದ ಶುರು. ಪ್ಲಂಬಿಂಗ್ ಅರ್ಧ ಇಂಚು ಅಂದ್ರೆ 12.7 ಮಿಮೀ ಅಂತ ಸ್ಕೆಚ್ ಹಾಕಿದ್ರೆ ಕೆಲಸ ಕೆಟ್ಟ ಹಾಗೆ. ಆ ಅರ್ಧ ಇಂಚು ಹಳೇ ಕಬ್ಬಿಣದ ಪೈಪಿನ ಒಳಗಿನ ತೂತಿನ ಲೆಕ್ಕದಿಂದ ಬಂದಿದ್ದು, ಥ್ರೆಡ್ಡಿನ ಹೊರ ವ್ಯಾಸ 20.955 ಮಿಮೀ, ತಳದ ವ್ಯಾಸ 18.631, ಇಂಚಿಗೆ 14 ಹಲ್ಲು, ಅಂದ್ರೆ ಪಿಚ್ (ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರೋ ದೂರ) 1.814 ಮಿಮೀ. ಇದು ಬಿಎಸ್‌ಪಿ, ಬ್ರಿಟಿಷ್ ಸ್ಟ್ಯಾಂಡರ್ಡ್ ಪೈಪ್ ಥ್ರೆಡ್. ಹಲ್ಲಿನ ಕೋನ ನಮ್ಮ ಮಾಮೂಲಿ ಮೆಟ್ರಿಕ್ ಬೋಲ್ಟಿನ 60 ಡಿಗ್ರಿ ಅಲ್ಲ, 55 ಡಿಗ್ರಿ, ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್ವರ್ತ್ 1841ರಲ್ಲಿ ಹೇಳಿದ ಕೋನ, ಇವತ್ತಿಗೂ ನಮ್ಮ ಬಚ್ಚಲುಮನೆ ನಲ್ಲೀಲಿ ಅದೇ ಓಡ್ತಿದೆ. ನಿಮ್ಮ ಕೈಲಿರೋದು ಯಾವ ಥ್ರೆಡ್ ಅಂತ ಗೊತ್ತಾಗ್ಬೇಕಂದ್ರೆ ಒಂದು ಹಲ್ಲಿನಿಂದ ಪಕ್ಕದ ಹಲ್ಲಿಗೆ ಅಳೀಬೇಡಿ, ವರ್ನಿಯರ್ ಹಿಡಿದು ಐದು ಪಿಚ್ ಒಟ್ಟಿಗೆ ಅಳೆದು ಭಾಗಿಸಿ. ಐದು ಪಿಚ್ 9.07 ಬಂದ್ರೆ ಬಿಎಸ್‌ಪಿ, 8.75 ಬಂದ್ರೆ 1.75ರ ಮೆಟ್ರಿಕ್. ಒಂದೇ ಹಲ್ಲು ಅಳೆದ್ರೆ ವ್ಯತ್ಯಾಸ ಬರೀ 0.06, ಕೈ ಸ್ವಲ್ಪ ವಾಲಿದ್ರೂ ಅಷ್ಟು ತಪ್ಪತ್ತೆ.

ಬಾಟಲ್ ಕಡೆ ಈಗ ಸಿಗೋ ಹೆಚ್ಚಿನ ಕೂಲ್‌ಡ್ರಿಂಕ್ ಬಾಟಲ್ಗಳ ಬಾಯಿ ಪಿಸಿಓ 1881 ಅನ್ನೋ ಮಾದರಿ, ಪಿಚ್ 2.7 ಮಿಮೀ. ಹಳೇದು ಪಿಸಿಓ 1810, ಅದರ ಕತ್ತು ಉದ್ದ, ಪಿಚ್ 3.18. ಎರಡರಲ್ಲೂ ಹಲ್ಲಿನ ಹೊರ ವ್ಯಾಸ ಸುಮಾರು 27.4, ಹಲ್ಲಿನ ಬುಡದಲ್ಲಿ ಕತ್ತಿನ ವ್ಯಾಸ ಸುಮಾರು 24.9, ಅದಕ್ಕೇ ನೋಡೋಕೆ ಒಂದೇ ಥರ ಕಾಣತ್ವೆ, ಆದ್ರೆ ಒಂದರ ಮುಚ್ಚಳ ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ. ಬಾಟಲ್ ಥ್ರೆಡ್ ಬೋಲ್ಟಿನ ಥ್ರೆಡ್ ಥರ ಹಲ್ಲಿಗೆ ಹಲ್ಲು ಅಂಟಿಕೊಂಡಿಲ್ಲ, ನುಣುಪು ಕತ್ತಿನ ಮೇಲೆ ಒಂದು ಏಣು ಸುತ್ತಿಕೊಂಡು ಹೋಗಿರತ್ತೆ, ಮಧ್ಯೆ ಗ್ಯಾಸ್ ಹೋಗೋಕೆ ಉದ್ದಕ್ಕೆ ಸೀಳು ಬೇರೆ. ಹಾಗಾಗಿ ಎರಡು ಕಡೆಗೂ ಒಂದೇ ವಿಧಾನ ಸರಿಹೋಗಲ್ಲ. ವಾಲ್ವ್ ಕಡೆ ಸಿಲಿಂಡರ್ ಮೇಲಿಂದ ಗ್ರೂವ್ (ಸುರುಳಿ ಕಾಲುವೆ) ಕೆತ್ತೋದು, ಬಾಟಲ್ ಕಡೆ ಕಪ್ಪಿನ ಒಳಗೋಡೆಗೆ ಏಣು ಸೇರಿಸೋದು. ಪಾರ್ಟ್ ಡಿಸೈನ್‌ನಲ್ಲಿ ಇವೆರಡಕ್ಕೂ ಟೂಲ್ ಇದೆ, ಸಬ್‌ಟ್ರಾಕ್ಟಿವ್ ಹೀಲಿಕ್ಸ್, ಅಡಿಟಿವ್ ಹೀಲಿಕ್ಸ್. ಹೀಲಿಕ್ಸ್ ಅಂದ್ರೆ ಸುರುಳಿ, ಮೊದಲನೇದು ಕೆತ್ತತ್ತೆ, ಎರಡನೇದು ಸೇರಿಸತ್ತೆ. 0.19 ವರ್ಶನ್ನಿಂದ ಇದಾವೆ, ಅದಕ್ಕೂ ಮುಂಚೆ ಪಾರ್ಟ್ ವರ್ಕ್‌ಬೆಂಚಲ್ಲಿ ಹೀಲಿಕ್ಸ್ ಹಾಕಿ ಅದರ ಮೇಲೆ ಸ್ವೀಪ್ ಮಾಡಿ (ಸ್ಕೆಚ್ಚನ್ನ ಆ ದಾರಿ ಗುಂಟ ಎಳೆದು) ಫ್ರೆನೆಟ್ ಅನ್ನೋ ಆಪ್ಶನ್ ಆನ್ ಮಾಡಿ ಒದ್ದಾಡ್ಬೇಕಿತ್ತು. ನಾನು ಮಾಡಿದ್ದು 1.0ರಲ್ಲಿ, 2024ರ ನವೆಂಬರ್‌ನಲ್ಲಿ ಬಂದಿದ್ದು.

ಮೊದಲು ಸ್ಪ್ರೆಡ್‌ಶೀಟ್. ಪಿಚ್, ಹೊರ ವ್ಯಾಸ, ಕ್ಲಿಯರೆನ್ಸ್, ಕಪ್ಪಿನ ಆಳ, ಇಷ್ಟಕ್ಕೂ ಒಂದೊಂದು ಸೆಲ್, ಒಂದೊಂದಕ್ಕೂ ಅಲಿಯಾಸ್, ಅಂದ್ರೆ ಕರೆಯೋಕೆ ಒಂದು ಹೆಸರು. ಸ್ಕೆಚ್ಚಲ್ಲಿ ಎಲ್ಲೂ ನೇರವಾಗಿ ಸಂಖ್ಯೆ ಹಾಕಿಲ್ಲ, ಎಲ್ಲಾ ಈ ಸೆಲ್‌ಗಳಿಂದ. ಇದು ಶಿಸ್ತಿನ ಪ್ರಶ್ನೆ ಅಲ್ಲ, ಥ್ರೆಡ್ ಅಂದ್ಮೇಲೆ ಪ್ರಿಂಟ್ ಹಾಕಿ ನೋಡಿ 0.05 ಅತ್ತ ಇತ್ತ ಮಾಡೋದು ಇದ್ದೇ ಇರತ್ತೆ, ಆಗ ಸ್ಕೆಚ್ ಒಳಗೆ ಹೋಗಿ ಹುಡುಕ್ತಾ ಕೂರೋಕಾಗಲ್ಲ.

ಆಮೇಲೆ ದೇಹ. ಎಕ್ಸ್‌ಝಡ್ ಪ್ಲೇನಲ್ಲಿ ಅರ್ಧ ಅಡ್ಡಕೊಯ್ತ ಬರೆದು ಝಡ್ ಅಕ್ಷದ ಸುತ್ತ ರಿವಾಲ್ವ್, ಅಂದ್ರೆ ತಿರುಗಿಸಿ ಘನ ಆಕಾರ ಮಾಡೋದು. ಕೆಳಗೆ ವಾಲ್ವ್ ಕಡೆ ಸಿಲಿಂಡರ್, ಮಧ್ಯೆ 12 ಮಿಮೀ ತೂತು, ಮೇಲೆ ಬಾಟಲ್ ಕೂರೋ ಕಪ್, ಎರಡರ ನಡುವೆ 45 ಡಿಗ್ರೀಲಿ ಅಗಲ ಆಗೋ ಶಂಕು. ಆ 45 ಡಿಗ್ರಿ ಪ್ರಿಂಟಿಗೋಸ್ಕರ, ವಾಲ್ವ್ ಕಡೆ ಕೆಳಗಿಟ್ಟು ಪ್ರಿಂಟ್ ಮಾಡಿದ್ರೆ ಸಪೋರ್ಟೇ ಬೇಡ. ಸಿಲಿಂಡರ್ ಶಂಕುವಿಗೆ ಸೇರೋ ಜಾಗದಲ್ಲಿ 2 ಮಿಮೀ ಅಗಲಕ್ಕೆ ವ್ಯಾಸ 18.2ಕ್ಕೆ ಇಳಿಸಿದ್ದೀನಿ. ಲೇತ್ ಕೆಲಸ ನೋಡಿದೋರಿಗೆ ಇದು ಗೊತ್ತು, ಥ್ರೆಡ್ ಕತ್ತರಿಸ್ತಾ ಬಂದ ಟೂಲ್ ಹೊರಗೆ ಬರೋಕೆ ಒಂದು ಜಾಗ ಬೇಕಲ್ಲ, ಅದೇ. ಕ್ಯಾಡ್‌ನಲ್ಲೂ ಅದು ಬೇಕೇ ಬೇಕು, ಇಲ್ಲಾಂದ್ರೆ ಹೀಲಿಕ್ಸ್ ಮುಗಿಯೋ ಕಡೆ ಶಂಕುವಿನ ಒಳಗೆ ಅಡ್ಡಾದಿಡ್ಡಿ ಗಾಯ ಮಾಡ್ಕೊಂಡು ನಿಲ್ಲತ್ತೆ. ಅಲ್ದೇ ವಾಲ್ವ್ ಕೊನೇವರೆಗೆ ಹೋಗಿ ಕೂರೋಕೂ ಇದೇ ಕಾರಣ.

ಈಗ ಮುಖ್ಯ ವಿಷಯ, ಗ್ರೂವ್‌ನ ಸ್ಕೆಚ್. ಇಲ್ಲಿ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಥ್ರೆಡ್ ಫೇಲ್ ಆಗೋದೆಲ್ಲಾ ಇಲ್ಲೇ.

55 ಡಿಗ್ರಿ ತ್ರಿಕೋನವನ್ನ ಪೂರ್ತಿ ಚೂಪಾಗಿ ಬರೆದ್ರೆ ಅದರ ಎತ್ತರ ಪಿಚ್‌ನ 0.9605 ಪಟ್ಟು, ನಮಗೆ 1.742 ಮಿಮೀ. ವಿಟ್ವರ್ತ್ ಆಕಾರದಲ್ಲಿ ಮೇಲೆ ಆರನೇ ಒಂದು ಭಾಗ ಕೆಳಗೆ ಆರನೇ ಒಂದು ಭಾಗ ಹೋಗತ್ತೆ, ಉಳಿಯೋ ಆಳ 1.162. ಸ್ಟ್ಯಾಂಡರ್ಡ್ ಪ್ರಕಾರ ಎರಡೂ ತುದಿ ದುಂಡಗೆ, ರೇಡಿಯಸ್ 0.249, ಆದ್ರೆ 0.4 ನಾಝಲ್ಲಿನ ಪ್ರಿಂಟರ್‌ಗೆ ಆ ದುಂಡಗೆ ಕಾಣೋದೇ ಇಲ್ಲ, ಚಪ್ಪಟೆ ಮಾಡಿದ್ರೆ ಸಾಕು, ಕೆಳಗಿನ ಚಪ್ಪಟೆ ಪಿಚ್‌ನ ಆರನೇ ಒಂದು ಭಾಗ, 0.302. ಗ್ರೂವ್ ಮೇಲಕ್ಕೆ ಬರ್ತಾ ಅಗಲ ಆಗಿ ಹೊರ ವ್ಯಾಸದ ಹತ್ರ ಪಿಚ್‌ನ ಆರರಲ್ಲಿ ಐದು ಭಾಗ ಆಗತ್ತೆ, 1.512.

ಇಷ್ಟಕ್ಕೇ ಟ್ರಪೀಝಿಯಂ ಮುಚ್ಚಿದ್ರೆ ಅದರ ಹೊರ ಅಂಚು ಸಿಲಿಂಡರ್ ಮೈ ಮೇಲೇ ಸರಿಯಾಗಿ ಕೂರತ್ತೆ. ಫ್ರೀಕ್ಯಾಡ್ ಒಳಗೆ ಲೆಕ್ಕ ಮಾಡೋದು ಓಪನ್ ಕ್ಯಾಸ್ಕೇಡ್ ಅನ್ನೋ ಕರ್ನಲ್, ಅದಕ್ಕೆ ಎರಡು ಮೈ ಒಂದರ ಮೇಲೊಂದು ಸರಿಯಾಗಿ ಬಿದ್ರೆ ಯಾವುದು ಒಳಗೆ ಯಾವುದು ಹೊರಗೆ ಅಂತ ತೀರ್ಮಾನ ಮಾಡೋಕೆ ಕಷ್ಟ, ಒಂದೊಂದ್ಸಲ ಕತ್ತರಿಸತ್ತೆ, ಒಂದೊಂದ್ಸಲ ಅರ್ಧ ಕತ್ತರಿಸತ್ತೆ, ಒಂದೊಂದ್ಸಲ ಕೆಂಪು ಗುರುತು ಬರತ್ತೆ. ಅದಕ್ಕೆ ಸ್ಕೆಚ್ ಸಿಲಿಂಡರಿನಿಂದ ಹೊರಗೆ ಚಾಚ್ಬೇಕು. ಎಷ್ಟು ಚಾಚೋದು? ಜಾಸ್ತಿ ಚಾಚಿದ್ರೆ ಇಳಿಜಾರು ಅಗಲ ಆಗ್ತಾ ಹೋಗಿ ಅಗಲ ಪಿಚ್‌ಗೆ ಸಮ ಆಗತ್ತೆ, ಆಗ ಒಂದು ಸುತ್ತಿನ ಗ್ರೂವ್ ಮುಂದಿನ ಸುತ್ತಿನ ಗ್ರೂವ್‌ಗೆ ತಾಕತ್ತೆ, ಸ್ವೀಪ್ ತನ್ನನ್ನ ತಾನೇ ಕತ್ತರಿಸ್ಕೊಳ್ಳತ್ತೆ, ಮತ್ತೆ ಫೇಲ್. ಆ ಮಿತಿ ಎಷ್ಟು ಅಂತ ಮೇಲಿನ ಲೆಕ್ಕದಲ್ಲೇ ಇದೆ, ಹೊರಗೆ ಕಡಿದು ಹಾಕಿದ ಆರನೇ ಒಂದು ಭಾಗ, ಅಂದ್ರೆ 0.29 ಮಿಮೀ. ಅಷ್ಟರೊಳಗೆ ಇರ್ಬೇಕು. ನಾನು 0.2 ಚಾಚಿದೆ, ಅಲ್ಲಿ ಅಗಲ 1.72, ಪಿಚ್ 1.814, ಮಧ್ಯೆ 0.09 ಜಾಗ ಉಳೀತು, ಒಂದೇ ಸಲಕ್ಕೆ ನೀಟಾಗಿ ಕತ್ತರಿಸ್ತು.

ಮೆಟ್ರಿಕ್‌ಗೆ ಈ ಮಿತಿ ಇನ್ನೂ ಚಿಕ್ಕದು, ಅಲ್ಲಿ ಹೊರಗೆ ಕಡಿಯೋದು ಎಂಟನೇ ಒಂದು ಭಾಗ ಮಾತ್ರ. ಎಂ10, ಪಿಚ್ 1.5 ತಗೊಂಡ್ರೆ ತ್ರಿಕೋನದ ಎತ್ತರ 1.299, ಎಂಟನೇ ಒಂದು ಅಂದ್ರೆ 0.162. ನೀವು 0.2 ಚಾಚಿದ್ರೆ ಸುತ್ತುಗಳು ಒಂದಕ್ಕೊಂದು ಹೊಕ್ಕಿಬಿಡತ್ವೆ. ಟ್ಯುಟೋರಿಯಲ್ ನೋಡಿ ಹಾಗೇ ಮಾಡಿದ್ರೂ ನನಗ್ಯಾಕೆ ಬರ್ತಿಲ್ಲ ಅಂತ ಕೇಳೋರಲ್ಲಿ ಬಹಳ ಜನಕ್ಕೆ ಆಗಿರೋದು ಇದೇ. 0.1 ಇಟ್ಕೊಳ್ಳಿ, ಅಥವಾ ಹೊರ ವ್ಯಾಸದಿಂದ ಆಚೆಗೆ ಇಳಿಜಾರು ಬಿಟ್ಟು ನೇರ ಗೆರೆ ಎಳೆದ್ಬಿಡಿ, ಆಗ ಅಗಲ ಹೆಚ್ಚೋದೇ ಇಲ್ಲ, ಎಷ್ಟು ಬೇಕಾದ್ರೂ ಚಾಚ್ಬೋದು.

ಹೀಲಿಕ್ಸ್ ಡೈಲಾಗಲ್ಲಿ ಆಕ್ಸಿಸ್ ಬೇಸ್ ಝಡ್, ಮೋಡ್ ಪಿಚ್-ಹೈಟ್-ಆಂಗಲ್. ಸ್ಕೆಚ್ಚನ್ನ ಸಿಲಿಂಡರ್ ತುದಿಯಿಂದ ಒಂದು ಪಿಚ್ ಕೆಳಗೆ, ಅಂದ್ರೆ ಗಾಳೀಲಿ ಶುರು ಮಾಡಿ, ಆ 2 ಮಿಮೀ ಇಳಿಸಿದ ಜಾಗದ ಮಧ್ಯದಲ್ಲಿ ಮುಗಿಸ್ಬೇಕು. ಗಾಳೀಲಿ ಶುರು ಆದ್ರೆ ಸುತ್ತಿನ ಮುಖ ದೇಹದೊಳಗೆ ಗೋಡೆ ಥರ ನಿಲ್ಲಲ್ಲ, ಡೈ ಹಾಕಿ ತೆಗೆದ ಥ್ರೆಡ್ ಥರಾನೇ ತೆಳ್ಳಗಾಗ್ತಾ ಹೊರಗೆ ಬರತ್ತೆ. ಹಾಗಾದ್ರೂ ತುದೀಲಿ ಮೊದಲ ಹಲ್ಲು ಬ್ಲೇಡ್ ಥರ ತೆಳ್ಳಗೆ ಉಳಿಯತ್ತೆ, ಅದನ್ನ 45 ಡಿಗ್ರಿ ಚೇಂಫರ್ (ಅಂಚು ಓರೆಯಾಗಿ ಕೊಯ್ಯೋದು) ತೆಗೀಬೇಕು, ಆದ್ರೆ ಥ್ರೆಡ್ ಆದ್ಮೇಲೆ ಅಂಚು ಸೆಲೆಕ್ಟ್ ಮಾಡಿ ಚೇಂಫರ್ ಟೂಲ್ ಹಾಕೋಕೆ ಹೋಗ್ಬೇಡಿ, ಸುರುಳಿ ಅಂಚಿನ ಮೇಲೆ ಅದು ನಿಲ್ಲಲ್ಲ. ಒಂದು ತ್ರಿಕೋನ ಸ್ಕೆಚ್ ಹಾಕಿ ಗ್ರೂವ್ ಟೂಲಲ್ಲಿ ಸುತ್ತ ಕೊಯ್ದುಬಿಡಿ. ಹೊಸ ನಟ್ಟು ಬೋಲ್ಟಿನ ತುದಿ ಬೆಳಕಿಗೆ ಹಿಡಿದು ನೋಡಿ, ಮೊದಲ ಒಂದೂವರೆ ಹಲ್ಲು ಪೂರ್ತಿ ಎತ್ತರ ಇರೋದೇ ಇಲ್ಲ. ಕ್ಯಾಡ್ ಥ್ರೆಡ್ ನಿಜ ಅನ್ಸೋದು ಸುರುಳಿಯಿಂದ ಅಲ್ಲ, ಈ ಶುರು ಮತ್ತು ಕೊನೆಯಿಂದ, ಇದು ನನ್ನ ಖಚಿತ ಅಭಿಪ್ರಾಯ.

ರಿಫೈನ್ ಪ್ರಾಪರ್ಟಿ ಈ ಎರಡು ಹೀಲಿಕ್ಸ್‌ಗೂ ಫಾಲ್ಸ್ ಮಾಡಿ, ಸುರುಳಿ ಮೈಗಳನ್ನ ಒಂದುಗೂಡಿಸೋಕೆ ಹೋಗಿ ಸುಮ್ನೆ ಟೈಮ್ ತಗೊಳ್ಳತ್ತೆ. ಟ್ರೀನಲ್ಲಿ (ಮಾಡೆಲ್ ಮಾಡಿದ ಹಂತಗಳ ಪಟ್ಟೀಲಿ) ಥ್ರೆಡ್ ಎಷ್ಟು ಕೊನೆಗಿರತ್ತೋ ಅಷ್ಟು ಒಳ್ಳೇದು, ಬೇರೆ ಕೆಲಸ ಮಾಡುವಾಗ 1.0ರಲ್ಲಿ ಬಂದಿರೋ ಸಪ್ರೆಸ್ ಹಾಕಿ ಅದನ್ನ ತಾತ್ಕಾಲಿಕವಾಗಿ ಆಫ್ ಮಾಡಿಟ್ರೆ ಹಗುರಾಗಿ ಓಡತ್ತೆ. ಎಲ್ಲಾ ಸರಿ ಇದ್ದೂ ಎಲ್ಲೋ ಒಂದು ಮೈ ಮಾಯ ಆದ್ರೆ ಸಿಲಿಂಡರಿನ ಹೊಲಿಗೆ ಗೆರೆ (ಸುತ್ತಿದ ಮೈಯ ಎರಡು ತುದಿ ಸೇರೋ ಗೆರೆ) ಮತ್ತು ಹೀಲಿಕ್ಸ್ ಶುರು ಒಂದೇ ಕಡೆ ಬಿದ್ದಿರತ್ತೆ, ಸ್ಕೆಚ್‌ನ ಅಟ್ಯಾಚ್‌ಮೆಂಟಲ್ಲಿ ಝಡ್ ಸುತ್ತ ಕೆಲವು ಡಿಗ್ರಿ ತಿರುಗಿಸಿದ್ರೆ ಎಷ್ಟೋ ಸಲ ಸರಿಯಾಗತ್ತೆ. ಕೊನೇಲಿ ಪಾರ್ಟ್ ವರ್ಕ್‌ಬೆಂಚಿಗೆ ಹೋಗಿ ಚೆಕ್ ಜಿಯಾಮೆಟ್ರಿ ಓಡ್ಸಿ, ಪರದೆ ಮೇಲೆ ಚೆನ್ನಾಗಿ ಕಂಡ್ರೂ ಒಳಗೆ ಮುರಿದಿರೋ ಸಾಲಿಡ್ ಸ್ಲೈಸರಲ್ಲಿ (ಮಾಡೆಲನ್ನ ಪ್ರಿಂಟರಿಗೆ ಲೇಯರ್ ಲೇಯರ್ ಮಾಡಿ ಕೊಡೋ ಸಾಫ್ಟ್‌ವೇರಲ್ಲಿ) ಕೈ ಕೊಡತ್ತೆ.

ಬಾಟಲ್ ಕಡೆ. ಕಪ್ಪಿನ ಒಳ ವ್ಯಾಸ 27.9, ಏಣು ಒಳಗೆ 0.9 ಚಾಚತ್ತೆ. ಇಲ್ಲಿ ಸೇರಿಸೋ ಕೆಲಸ ಆದ್ರಿಂದ ಸ್ಕೆಚ್ ಗೋಡೆಯೊಳಕ್ಕೆ ಹೊಕ್ಕಿರ್ಬೇಕು, 0.3 ಒಳಗೆ ತಳ್ಳಿದೆ. ಏಣು ಬಾಟಲ್‌ನ ಗ್ರೂವ್ ಪೂರ್ತಿ ತುಂಬೋ ಅಗತ್ಯ ಇಲ್ಲ, ಬಿಗಿ ಮಾಡ್ದಾಗ ಭಾರ ಬೀಳೋದು ಒಂದೇ ಮುಖದ ಮೇಲೆ. ಆ ಮುಖ ಪ್ರಿಂಟಲ್ಲಿ ಕೆಳಕ್ಕೆ ನೋಡತ್ತೆ, ಅದಕ್ಕೆ ಅದನ್ನ 45 ಡಿಗ್ರಿ ಇಳಿಜಾರು ಮಾಡಿದೆ, ಮೇಲ್ಮುಖ 20 ಡಿಗ್ರಿ, ತುದಿ ಅಗಲ 0.4. ಬುಡ ಸುಮಾರು 2.04 ಆಯ್ತು, ಪಿಚ್ 2.7, ಸುತ್ತುಗಳು ತಾಕಲ್ಲ. ಕಪ್ ಆಳ ವಾಷರ್ ಬಿಟ್ಟು ಸುಮಾರು 10 ಮಿಮೀ, ಇನ್ನೂ ಆಳ ಮಾಡಿದ್ರೆ ಮುಚ್ಚಳದ ಸೀಲ್ ಉಂಗುರ ತಡೆಯೋಕೆ ಬಾಟಲ್ ಕತ್ತಲ್ಲಿ ಇರೋ ದಪ್ಪ ಪಟ್ಟಿಗೆ ತಾಗತ್ತೆ. ಉಳಿದಿರೋ ಆ ಪ್ಲಾಸ್ಟಿಕ್ ಉಂಗುರಾನೂ ಕತ್ತರಿಸಿ ತೆಗೀಬೇಕು. ಕಪ್ಪಿನ ಹೊರಗೆ ಆರು ಚಪ್ಪಟೆ ಮುಖ ಕೊಟ್ಟಿದೀನಿ, ವಾಲ್ವ್ ಬಿಚ್ಚುವಾಗ ಅಡಾಪ್ಟರ್ ಹಿಡ್ಕೊಳ್ಳೋಕೆ ಆಗ್ಬೇಕಲ್ಲ.

ಕ್ಲಿಯರೆನ್ಸ್ ಬಗ್ಗೆ ಒಂದು ವಿಷಯ ಯಾರೂ ಸರಿಯಾಗಿ ಹೇಳಲ್ಲ. ವ್ಯಾಸ ಸ್ವಲ್ಪ ಕಮ್ಮಿ ಮಾಡಿ ಅಂತಾರೆ ಅಷ್ಟೇ. ಬರೀ ಹೊರ ವ್ಯಾಸ ಕಮ್ಮಿ ಮಾಡಿದ್ರೆ ಹಲ್ಲಿನ ತುದಿ ಮೊಂಡಾಗತ್ತೆ, ಇಳಿಜಾರು ಮುಖಗಳು ಎಲ್ಲಿದ್ವೋ ಅಲ್ಲೇ ಇರತ್ವೆ, ಥ್ರೆಡ್ ಹಿಡ್ಕೊಳ್ಳೋದು ಆ ಮುಖಗಳಲ್ಲೇ. ಹಾಗಾಗಿ ಹೊರ ವ್ಯಾಸದ ಜೊತೆಗೆ ಇಡೀ ಗ್ರೂವ್ ಸ್ಕೆಚ್ಚನ್ನೂ ಅಕ್ಷದ ಕಡೆಗೆ ಸರಿಸ್ಬೇಕು. ಆದ್ರೂ ಸರಿಸಿದಷ್ಟೂ ಜಾಗ ಮುಖಕ್ಕೆ ಸಿಗಲ್ಲ, ಅರ್ಧಕೋನ 27.5 ಡಿಗ್ರಿ ಇರೋದ್ರಿಂದ ಅದರ ಸೈನ್ ಅಷ್ಟು ಮಾತ್ರ, 0.46 ಪಟ್ಟು. 0.1 ಮಿಮೀ ಸರಿಸಿದ್ರೆ ಮುಖಗಳ ಮಧ್ಯೆ 0.046 ಮಾತ್ರ, ಪ್ರಿಂಟಲ್ಲಿ ಅದು ಏನೂ ಇಲ್ಲದ ಹಾಗೇ. ಮುಖಕ್ಕೆ 0.1 ಬೇಕು ಅಂದ್ರೆ 0.22 ಸರಿಸ್ಬೇಕು. ಈ ಭಾಗಾಕಾರವನ್ನೇ ಸ್ಪ್ರೆಡ್‌ಶೀಟಲ್ಲಿ ಹಾಕಿಟ್ಟೆ, ಮುಖದ ಜಾಗ ಕೊಟ್ರೆ ಸರಿಸೋ ಅಳತೆ ಬರತ್ತೆ. ಇಡೀ ಅಡಾಪ್ಟರ್ ಪ್ರಿಂಟ್ ಮಾಡೋಕೂ ಮೊದಲು ಮೂರು ನಾಲ್ಕು ಹಲ್ಲಿನ ಉಂಗುರ ಮಾತ್ರ ಬೇರೆ ಬೇರೆ ಜಾಗ ಕೊಟ್ಟು ಪ್ರಿಂಟ್ ಮಾಡಿ ವಾಲ್ವ್‌ಗೆ ಹಾಕಿ ನೋಡಿದೆ, ನನ್ನ ಪ್ರಿಂಟರ್‌ಗೆ 0.1 ಸರಿಯಾಗಿ ಕೂತ್ಕೊಂಡ್ತು, ಕೈಯಲ್ಲಿ ತಿರುಗತ್ತೆ ಆದ್ರೆ ಅಲ್ಲಾಡಲ್ಲ. ನಿಮ್ಮದಕ್ಕೆ ನೀವೇ ನೋಡ್ಕೋಬೇಕು.

ಲೇಯರ್ ಎತ್ತರವೂ ಲೆಕ್ಕದಿಂದಲೇ ಬರತ್ತೆ. ಹಲ್ಲಿನ ಕೆಳಮುಖ ಮಲಗಿದ ಹಾಗೆ ಇರೋದ್ರಿಂದ ಪ್ರತಿ ಲೇಯರ್ ಹಿಂದಿನದಕ್ಕಿಂತ ಹೊರಗೆ ಚಾಚ್ಬೇಕು, 0.2 ಲೇಯರ್ ಆದ್ರೆ ಚಾಚೋದು 0.38 ಮಿಮೀ, ಗೆರೆ ಅಗಲವೇ 0.42, ಹೆಚ್ಚುಕಮ್ಮಿ ಗಾಳೀಲೇ ಹಾಕಿದ ಹಾಗೆ, ಜೋತು ಬೀಳತ್ತೆ. 0.12 ಲೇಯರ್ ಆದ್ರೆ 0.23, ಅರ್ಧದಷ್ಟು ಕೆಳಗಿನ ಗೆರೆ ಮೇಲೆ ಕೂರತ್ತೆ. ವಾಲ್ವ್ ಕಡೆಗೆ 0.12, ಮಿಕ್ಕಿದ್ದಕ್ಕೆ 0.2. ಮೈಯನ್ನ ಸಣ್ಣ ತ್ರಿಕೋನಗಳಾಗಿ ಒಡೆಯೋ ಎಸ್‌ಟಿಎಲ್ ಬದಲು, ದುಂಡನ್ನ ದುಂಡಾಗೇ ಇಡೋ ಸ್ಟೆಪ್ ಫೈಲನ್ನೇ ಸ್ಲೈಸರಿಗೆ ಕೊಟ್ಟೆ, ಪ್ರೂಸಾ ಸ್ಲೈಸರ್, ಆರ್ಕಾ ಸ್ಲೈಸರ್ ಎರಡೂ ತಗೊಳ್ಳತ್ವೆ. ಎಸ್‌ಟಿಎಲ್ಲೇ ಬೇಕಂದ್ರೆ ಮೆಶ್ ವರ್ಕ್‌ಬೆಂಚಲ್ಲಿ ಸರ್ಫೇಸ್ ಡೀವಿಯೇಶನ್ 0.02ಕ್ಕೆ ಇಳಿಸಿ, ಇಲ್ಲಾಂದ್ರೆ ದುಂಡಗಿರೋ ಥ್ರೆಡ್ ಪಟ್ಟಿ ಪಟ್ಟಿಯಾಗಿ ಬಂದು ತಿರುಗುವಾಗ ಕಟಕಟ ಅನ್ನತ್ತೆ. ಮೆಟೀರಿಯಲ್ ಪಿಇಟಿಜಿ ಅನ್ನೋ ಪ್ಲಾಸ್ಟಿಕ್, ಪ್ರಿಂಟಿಗೆ ಮಾಮೂಲಾಗಿ ಬಳಸೋ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ರಕ್ಕೇ ಮೆತ್ತಗಾಗತ್ತೆ, ಬೇಸಿಗೇಲಿ ತಾರಸಿ ಬಿಸಿಲಿಗೆ ಅದನ್ನ ನಂಬೋಕಾಗಲ್ಲ.

ನೀರು ತಡೆಯೋದು ಥ್ರೆಡ್ ಅಲ್ಲ, ಅದು ಹಿಡ್ಕೊಳ್ಳೋದು ಮಾತ್ರ. ಕಪ್ಪಿನ ತಳದಲ್ಲಿ ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ವಾಷರ್, ಬಾಟಲ್ ಬಾಯಿ ಅದರ ಮೇಲೆ ಒತ್ತಿ ಕೂರತ್ತೆ. ವಾಲ್ವ್ ಕಡೆ ಟೆಫ್ಲಾನ್ ಟೇಪ್. ಪೈಪ್ ಥ್ರೆಡ್ಡಲ್ಲಿ ಗಂಡು ಕಡೆಗೆ 16ಕ್ಕೆ 1ರಷ್ಟು ಟೇಪರ್ ಕೊಡೋದು ವಾಡಿಕೆ, ಹೀಲಿಕ್ಸ್ ಡೈಲಾಗಲ್ಲಿ ಕೋನ್ ಆಂಗಲ್ 1.79 ಡಿಗ್ರಿ ಹಾಕಿದ್ರೆ ಅದೂ ಬರತ್ತೆ, ಜೊತೆಗೆ ದೇಹಾನೂ ಅಷ್ಟೇ ಇಳಿಜಾರು ಮಾಡ್ಬೇಕು. ನಾನು ಬೇಕಂತಲೇ ಟೇಪರ್ ಬಿಟ್ಟೆ, ಎರಡೂ ಪ್ಲಾಸ್ಟಿಕ್, ಟೇಪರ್ ಬೆಣೆ ಥರ ಹೊಕ್ಕಿ ವಾಲ್ವ್‌ನ ಬಾಯಿ ಸೀಳೋ ಸಾಧ್ಯತೆ ಇದೆ, ಇಲ್ಲಿ ಇರೋ ಒತ್ತಡಕ್ಕೆ ಅದು ಬೇಡ. ಬಾಟಲ್ ಎತ್ತರ 30 ಸೆಂಮೀ ಅಂದ್ರೆ ಒತ್ತಡ 0.03 ಬಾರ್ ಅಷ್ಟೇ. ಅದಕ್ಕೇ ಇದಕ್ಕೆ ಒತ್ತಡ ಸರಿದೂಗಿಸೋ ಡ್ರಿಪ್ಪರ್ ಹಾಕಿದ್ರೆ ಅದು ಸರಿಯಾಗಿ ಕೆಲಸ ಮಾಡಲ್ಲ, ವಾಲ್ವ್ ಆದ್ಮೇಲೆ ಸಣ್ಣ ಟ್ಯೂಬ್ ಮಾತ್ರ. ಬಾಟಲ್ ಬುಡದಲ್ಲಿ ಗಾಳಿಗೆ ಒಂದು ತೂತು ಮಾಡೋದು ಮರೀಬೇಡಿ.

ಬಿಗಿ ಮಾಡೋದು ಕೈಯಲ್ಲೇ, ಸ್ಪ್ಯಾನರ್ ಬೇಡ, ಪ್ರಿಂಟ್ ಆದ ಸಿಲಿಂಡರ್ ಸೀಳೋದು ಲೇಯರ್ ಲೇಯರ್ ಮಧ್ಯದಲ್ಲಿ, ಅದೂ ಆ 2 ಮಿಮೀ ಇಳಿಸಿದ ಜಾಗದಲ್ಲೇ. ಎರಡು ಕೆಜಿ ನೀರಿನ ಭಾರ ಅಡಾಪ್ಟರ್ ಮೇಲೆ ಬಿಡಬೇಡಿ, ಬಾಟಲನ್ನ ಕುಂಡದ ಕೋಲಿಗೆ ಕಟ್ಟಿ. ಹೀಗೆ ಕಟ್ಟಿದ ಮೇಲೆ ರಾತ್ರಿಯಿಡೀ ಕೆಳಗೆ ಪೇಪರ್ ಹಾಸಿಟ್ಟು ನೋಡಿದೆ, ಎರಡೂ ಥ್ರೆಡ್ ಕಡೆ ಪೇಪರ್ ಒದ್ದೆ ಆಗಿರ್ಲಿಲ್ಲ.

ನಿಮ್ಮ ಹತ್ರ ಇರೋದು ಉದ್ದ ಕತ್ತಿನ ಹಳೇ ಬಾಟಲ್ ಆದ್ರೆ ಸ್ಪ್ರೆಡ್‌ಶೀಟಲ್ಲಿ ಬಾಟಲ್ ಪಿಚ್ 3.18 ಮಾಡಿ, ಕತ್ತು ಸುಮಾರು 4 ಮಿಮೀ ಉದ್ದ ಇರೋದ್ರಿಂದ ಕಪ್ ಆಳಾನೂ ಆ ದಪ್ಪ ಪಟ್ಟಿ ಎಲ್ಲಿದೆ ನೋಡಿ ಅದಕ್ಕೆ ತಕ್ಕ ಹಾಗೆ ಹೆಚ್ಚಿಸಿ, ರೀಕಂಪ್ಯೂಟ್ ಕೊಡಿ. ಪಿಚ್ ದೊಡ್ಡದಾಗಿರೋದ್ರಿಂದ ಸುತ್ತುಗಳು ತಾಕೋ ಭಯ ಇಲ್ಲ, ಸ್ಕೆಚ್ ಮುಟ್ಟೋದೇ ಬೇಡ.